ಅಜ್ಜಿಯ ಬೆಳ್ಳಿ ರೂಪಾಯಿ, ಅಕ್ಕನ ಎರಡು ಸಾವಿರ: ಚಿನ್ನ-ಬೆಳ್ಳಿ-ಹಳೇ ನಾಣ್ಯದಲ್ಲಿ ಉಳಿತಾಯ ಶುರು ಮಾಡೋದು ಹೇಗೆ?

ಈ ವಾರದ ಸಂಚಿಕೆ ಕೇಳೋಕೆ ಪುರುಸೊತ್ತಿಲ್ಲ, ಓದ್ಕೋತೀವಿ ಅನ್ನೋರಿಗೆ ಇದು. ಮಾತಾಡಿದ್ದನ್ನೇ ಬರೆದಿದ್ದೀನಿ. ನಡುವೆ ಎಳೆದಾಡಿದ್ದನ್ನ ತೆಗೆದು, ಲೆಕ್ಕಗಳನ್ನ ಮಾತ್ರ ಇನ್ನೊಂದ್ಸಲ ಕೂತು ನೋಡಿದ್ದೀನಿ.

ಹೋದ ತಿಂಗಳು ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ರು. ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋ ಅಕ್ಕ. "ತಮ್ಮಾ, ತಿಂಗಳಿಗೆ ಎರಡು ಸಾವಿರ ಉಳಿಯುತ್ತೆ. ಚಿನ್ನ ತಗೊಳ್ಳಲಾ, ಬೆಳ್ಳಿ ತಗೊಳ್ಳಲಾ? ಇನ್ನೊಂದು, ನಮ್ಮತ್ತೆ ಹತ್ರ ಒಂದಷ್ಟು ಹಳೇ ನಾಣ್ಯ ಇವೆ. ಆನ್‌ಲೈನಲ್ಲಿ ಹಾಕಿದ್ರೆ ಲಕ್ಷ ಲಕ್ಷ ಕೊಡ್ತಾರಂತೆ, ನಿಜಾನಾ?" ಇಷ್ಟೇ ಮೆಸೇಜು. ಕೇಳಿದ ತಕ್ಷಣ ನನಗೆ ನೆನಪಾಗಿದ್ದು ನಮ್ಮನೆ ಕತೆ. ಅದರಿಂದಲೇ ಶುರು ಮಾಡ್ತೀನಿ.

ನಮ್ಮದು ತಿಪಟೂರು ಕಡೆ. ಅಜ್ಜಿಗೆ ಅವರ ತವರಿಂದ ಬಂದ 23 ಬೆಳ್ಳಿ ರೂಪಾಯಿ ಇದ್ವು. ಒಂದು ಹಳೇ ಬಟ್ಟೆ ಚೀಲದಲ್ಲಿ ಕಟ್ಟಿ, ಅಕ್ಕಿ ಡಬ್ಬದ ತಳದಲ್ಲಿ ಇಡ್ತಿದ್ರು. ಅಜ್ಜಿ ಹೋದ್ಮೇಲೆ ಅದು ಅಮ್ಮನ ಕೈಗೆ ಬಂತು. ನಾನು ಬಿಕಾಂ ಕೊನೇ ವರ್ಷದಲ್ಲಿದ್ದಾಗ ಕೊಬ್ಬರಿ ರೇಟ್ ಬಿದ್ದಿತ್ತು, ಫೀಸು ಕಟ್ಟಬೇಕಿತ್ತು. ಅಮ್ಮ ಆ ಚೀಲ ತಗೊಂಡು ಪರಿಚಯದ ಒಂದು ಅಂಗಡಿಗೆ ಹೋದ್ರು. ಅಂಗಡಿಯವರು ನಾಣ್ಯ ಕೈಯಲ್ಲಿ ಹಿಡಿದು, ಒಂದ್ಸಲ ಕಲ್ಲಿಗೆ ಉಜ್ಜಿ, "ಇದು ಹಳೇ ಕಾಲದ ಮಿಕ್ಸ್ ಬೆಳ್ಳಿ ಕಣಮ್ಮ, ಅರ್ಧಕ್ಕರ್ಧ ತಾಮ್ರ" ಅಂದ್ರು. ಅರ್ಧ ಬೆಳ್ಳಿ ಲೆಕ್ಕ ಹಾಕಿ ದುಡ್ಡು ಕೊಟ್ರು. ಫೀಸು ಕಟ್ಟಿದ್ವಿ.

ಮಾರೋಕೆ ಮುಂಚೆ ನಾನು ಆ ನಾಣ್ಯಗಳನ್ನ ಹಾಸಿ ಒಂದು ಫೋಟೊ ತೆಗೆದಿದ್ದೆ, ವಾಟ್ಸಾಪ್ ಸ್ಟೇಟಸ್‌ಗೆ. ಮೂರ್ನಾಲ್ಕು ವರ್ಷ ಆದ್ಮೇಲೆ, ಈ ವಿಷಯ ಸ್ವಲ್ಪ ಓದಿಕೊಂಡ್ಮೇಲೆ, ಆ ಫೋಟೊ ದೊಡ್ಡದು ಮಾಡಿ ನೋಡಿದೆ. ಎಲ್ಲಾ ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್. ಒಂದೂ ಅರ್ಧ ಬೆಳ್ಳಿಯದಲ್ಲ.

ಲೆಕ್ಕ ಹೀಗೆ. 1835ರಿಂದ ಬ್ರಿಟಿಷರ ಕಾಲದ ಒಂದು ರೂಪಾಯಿ ಅಂದ್ರೆ 180 ಗ್ರೇನ್ ತೂಕ, ನಮ್ಮ ಲೆಕ್ಕದಲ್ಲಿ 11.66 ಗ್ರಾಂ. ಹಳಬರು ಹೇಳೋ ಒಂದು ತೊಲ ಅನ್ನೋದು ಇದೇ ರೂಪಾಯಿ ತೂಕ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದ್ರೆ 91.7 ಪರ್ಸೆಂಟು. ಹೊಸದಾಗಿದ್ದಾಗ ಒಂದು ನಾಣ್ಯದಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿ. 23 ನಾಣ್ಯಕ್ಕೆ ಸುಮಾರು 246 ಗ್ರಾಂ. ಅಮ್ಮನಿಗೆ ಲೆಕ್ಕ ಕೊಟ್ಟಿದ್ದು 134 ಗ್ರಾಂಗೆ. ಕೈಯಿಂದ ಕೈಗೆ ಓಡಾಡಿ ಸ್ವಲ್ಪ ಸವೆದಿರ್ತವೆ, ಒಪ್ಕೊಳ್ಳೋಣ. ಆದ್ರೂ ನೂರು ಗ್ರಾಂ ಮೇಲೆ ಬೆಳ್ಳಿ ಪುಕ್ಕಟೆ ಹೋಯ್ತು. ಅಮ್ಮನಿಗೆ ಹೇಳಿದ್ರೆ, "ಹೋಗ್ಲಿ ಬಿಡಪ್ಪ, ನಿನ್ನ ಫೀಸ್ ಕಟ್ಟಾಯ್ತಲ್ಲ" ಅಂದ್ರು. ನನಗೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಅಂಗಡಿಯವರು ಸುಳ್ಳು ಹೇಳಿದ್ರಾ, ಇಲ್ಲ ಅವರಿಗೂ ಗೊತ್ತಿರಲಿಲ್ವಾ? ಗೊತ್ತಿಲ್ಲ. ಯಾಕಂದ್ರೆ ಅರ್ಧ ಬೆಳ್ಳಿಯ ರೂಪಾಯಿ ನಿಜವಾಗಿಯೂ ಇದೆ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಬೆಳ್ಳಿ ಸಾಲದೆ, 1940ರಿಂದ 1945ರವರೆಗೆ ಟಂಕಿಸಿದ ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ 50 ಪರ್ಸೆಂಟಿಗೆ ಇಳೀತು. 1947ರ ರೂಪಾಯಿ, ಹಿಂದೆ ಹುಲಿ ಚಿತ್ರ ಇರೋದು, ಅದರಲ್ಲಿ ಬೆಳ್ಳಿನೇ ಇಲ್ಲ, ನಿಕ್ಕಲ್. ಅಯಸ್ಕಾಂತ ಹಿಡಿದ್ರೆ ಟಕ್ ಅಂತ ಅಂಟ್ಕೊಳುತ್ತೆ. ಹಾಗಾಗಿ ಮೊದಲ ಪಾಠ: ನಾಣ್ಯದ ಮೇಲಿನ ಇಸವಿ ಓದಿ. 1939ರವರೆಗೆ ಒಂದು ಲೆಕ್ಕ, 1940ರಿಂದ 1945 ಇನ್ನೊಂದು, 1947 ಮತ್ತೊಂದು. ಇಷ್ಟು ಗೊತ್ತಿದ್ದಿದ್ರೆ ಸಾಕಿತ್ತು ನಮಗೆ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. 0.01 ಗ್ರಾಂವರೆಗೂ ತೋರಿಸೋ ಚಿಕ್ಕ ತಕ್ಕಡಿ ಆನ್‌ಲೈನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಮೊದಲು ನಾಣ್ಯ ಒಣಗಿರೋವಾಗ ತೂಗಿ. ಆಮೇಲೆ ಒಂದು ಲೋಟದಲ್ಲಿ ನೀರಿಟ್ಟು, ತಕ್ಕಡಿ ಸೊನ್ನೆ ಮಾಡಿ, ನಾಣ್ಯಕ್ಕೆ ತೆಳ್ಳಗಿನ ದಾರ ಕಟ್ಟಿ ನೀರೊಳಗೆ ಇಳಿಬಿಡಿ. ಪೂರ್ತಿ ಮುಳುಗಬೇಕು, ತಳ ಮುಟ್ಟಬಾರದು. ಆಗ ತಕ್ಕಡಿ ಒಂದು ಸಣ್ಣ ಸಂಖ್ಯೆ ತೋರಿಸುತ್ತೆ. 11.66 ಗ್ರಾಂನ 91.7 ಪರ್ಸೆಂಟ್ ಬೆಳ್ಳಿ ರೂಪಾಯಿಗೆ ಅದು 1.13 ಹತ್ತಿರ ಬರಬೇಕು. ಅರ್ಧ ಬೆಳ್ಳಿಯದ್ದಾದ್ರೆ 1.2 ದಾಟುತ್ತೆ. 1.3 ಮೇಲೆ ಬಂತು ಅಂದ್ರೆ ಹಿತ್ತಾಳೆಗೋ ತಾಮ್ರ-ನಿಕ್ಕಲ್‌ಗೋ ಬೆಳ್ಳಿ ನೀರು ಕುಡಿಸಿದ್ದು ಅಂತ ಅನುಮಾನ ಪಡಿ. ಎಂಟನೇ ಕ್ಲಾಸಲ್ಲಿ ಆರ್ಕಿಮಿಡೀಸ್ ತತ್ವ ಬಾಯಿಪಾಠ ಮಾಡಿದ್ವಲ್ಲ, ಅದು ಕೆಲಸಕ್ಕೆ ಬರೋದು ಇಲ್ಲೇ.

ಹಳೇದಾದ ಮಾತ್ರಕ್ಕೆ ಅಪರೂಪ ಅಲ್ಲ

ಈಗ ಅಕ್ಕನ ಮೂರನೇ ಪ್ರಶ್ನೆ. ಲಕ್ಷ ಬರುತ್ತಾ?

ನಾಣ್ಯಕ್ಕೆ ಎರಡು ಬೆಲೆ ಇರುತ್ತೆ. ಒಂದು ಲೋಹದ ಬೆಲೆ, ಕರಗಿಸಿದ್ರೆ ಬರೋದು. ಇನ್ನೊಂದು ಸಂಗ್ರಹಕಾರರ ಬೆಲೆ. ಎರಡನೇದು ವಯಸ್ಸಿನ ಮೇಲೆ ನಿಂತಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಯಾವ ಸ್ಥಿತಿಯಲ್ಲಿದೆ ಅನ್ನೋದರ ಮೇಲೆ ನಿಂತಿದೆ. 1862ರ ವಿಕ್ಟೋರಿಯಾ ರೂಪಾಯಿನೇ ನೋಡಿ. ನೂರಾ ಅರವತ್ತು ವರ್ಷದ ಹಳೇದು, ಚಿನ್ನದ ಗಟ್ಟಿ ಸಿಕ್ಕಂಗೆ ಖುಷಿಪಡ್ತಾರೆ ಜನ. ಆದ್ರೆ ಟಂಕಸಾಲೆಗಳು 1862 ಅನ್ನೋ ಇಸವಿಯನ್ನ ಬದಲಾಯಿಸದೇ 1874ರವರೆಗೂ ಅದನ್ನೇ ಹೊಡೀತಾ ಬಂದ್ವು. ವರ್ಷ ಗುರುತಿಸೋಕೆ ಸಣ್ಣ ಚುಕ್ಕೆಗಳನ್ನ ಮಾತ್ರ ಸೇರಿಸಿದ್ರು. ಹಾಗಾಗಿ ಎಲ್ಲಿ ನೋಡಿದ್ರೂ 1862 ಸಿಗುತ್ತೆ. ಇನ್ನೊಂದು ಕಡೆ 1939ರ ಆರನೇ ಜಾರ್ಜ್ ಬೆಳ್ಳಿ ರೂಪಾಯಿ, ಅದಕ್ಕಿಂತ ಮುಕ್ಕಾಲು ಶತಮಾನ ಚಿಕ್ಕದು, ಆದ್ರೆ ಬಲು ಅಪರೂಪ. ಅಪರೂಪ ಅನ್ನೋ ಕಾರಣಕ್ಕೇ ಅದರ ನಕಲಿಗಳೂ ಜಾಸ್ತಿ, ಆ ಇಸವಿ ಕಂಡ ತಕ್ಷಣ ಕುಣಿಯಬೇಡಿ.

1911ರ ಐದನೇ ಜಾರ್ಜ್ ರೂಪಾಯಿದು ಇನ್ನೂ ಮಜವಾದ ಕತೆ. ದೊರೆಯ ನಿಲುವಂಗಿ ಮೇಲೆ ಒಂದು ಪುಟ್ಟ ಆನೆ ಚಿತ್ರ ಇತ್ತು. ಸೊಂಡಿಲು, ಕಾಲು ಚಿಕ್ಕದಾಗಿ ಕೆತ್ತಿದ್ರಿಂದ ಜನಕ್ಕೆ ಅದು ಹಂದಿ ಥರ ಕಾಣಿಸ್ತು. ಗಲಾಟೆ ಆಗಿ, ಹಂಚದೇ ಉಳಿದಿದ್ದನ್ನ ವಾಪಸ್ ಕರಗಿಸಿದ್ರು. 1912ರಿಂದ ಆನೆಯನ್ನ ತಿದ್ದಿ ಕೆತ್ತಿದ್ರು. ಹಾಗಾಗಿ 1911ರದ್ದನ್ನ ಸಂಗ್ರಹಕಾರರು "ಪಿಗ್ ರುಪೀ" ಅಂತ ಹುಡುಕ್ಕೊಂಡು ತಗೋತಾರೆ.

ಮತ್ತೆ ಹನುಮಂತ, ರಾಮ-ಸೀತೆ ಇರೋ "ಈಸ್ಟ್ ಇಂಡಿಯಾ ಕಂಪನಿ 1818" ನಾಣ್ಯ? ಕಂಪನಿ ಅಂಥ ನಾಣ್ಯ ಹೊಡೆದೇ ಇಲ್ಲ. ಇವು ಆಮೇಲೆ ಮಾಡಿದ ಬಿಲ್ಲೆಗಳು. ಇದನ್ನೇ ಅಕ್ಕಿ ಎಳೆಯುತ್ತೆ, ರೈಸ್ ಪುಲ್ಲರ್, ಕೋಟಿ ಬೆಲೆ ಅಂತ ನಂಬಿಸಿ ನಮ್ಮ ಕಡೆ ಎಷ್ಟೋ ಮನೆ ಹಾಳು ಮಾಡಿದ್ದಾರೆ. ಯಾರಾದ್ರೂ ಅಕ್ಕಿಕಾಳು ತಂದು ತೋರಿಸ್ತೀನಿ ಅಂದ್ರೆ ಬಾಗಿಲು ಹಾಕ್ಕೊಳ್ಳಿ.

ವೈಷ್ಣೋದೇವಿ ಚಿತ್ರ ಇರೋ 5 ರೂಪಾಯಿ, 10 ರೂಪಾಯಿ ನಾಣ್ಯ ಕೂಡ ಅಷ್ಟೇ. 2012ರ ಇಸವಿಯ, ಚಲಾವಣೆಗೆ ಬಂದ ಮಾಮೂಲಿ ನಾಣ್ಯ. ಅದಕ್ಕೆ ಹತ್ತು ಲಕ್ಷ ಕೊಡ್ತೀವಿ ಅಂತ ವಿಡಿಯೋ ಹಾಕ್ತಾರಲ್ಲ, ಅವರು ನಾಣ್ಯ ಕೇಳೋದೇ ಇಲ್ಲ. ಮೊದಲು "ರಿಜಿಸ್ಟ್ರೇಷನ್ ಫೀ" ಅಂತ ಐನೂರು ಕೇಳ್ತಾರೆ, ಆಮೇಲೆ "ಜಿಎಸ್‌ಟಿ" ಅಂತ ಐದು ಸಾವಿರ, ಆಮೇಲೆ ರಿಸರ್ವ್ ಬ್ಯಾಂಕಿನ ಮುದ್ರೆ ಇರೋ ನಕಲಿ ಪತ್ರ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಹೇಳಿಕೆ ಕೊಟ್ಟಿತು: ಹಳೇ ನೋಟು-ನಾಣ್ಯ ಕೊಳ್ಳೋ ಮಾರೋ ವ್ಯವಹಾರ ನಾವು ಮಾಡಲ್ಲ, ಅದಕ್ಕೆ ಕಮಿಷನ್ನೂ ಕೇಳಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ನಾಣ್ಯ ಮಾರೋಕೆ ಹೊರಟ ನೀವೇ ದುಡ್ಡು ಕೊಡಬೇಕು ಅಂದ್ರೆ ಅಲ್ಲಿಗೆ ಮುಗೀತು, ಫೋನ್ ಇಡಿ. (ತಮಾಷೆ ಏನಪ್ಪಾ ಅಂದ್ರೆ, ಮಾಮೂಲಿ 10 ರೂಪಾಯಿ ನಾಣ್ಯವನ್ನ ನಮ್ಮ ಅಂಗಡಿಗಳಲ್ಲಿ "ನಡೆಯಲ್ಲ" ಅಂತ ವಾಪಸ್ ಕೊಡ್ತಾರೆ. ಅದು ಪೂರ್ತಿ ಚಲಾವಣೆಯಲ್ಲಿದೆ, ಎಲ್ಲಾ ವಿನ್ಯಾಸದ್ದೂ.)

ಹಾಗಾದ್ರೆ ಅತ್ತೆಯ ನಾಣ್ಯ ಏನು ಮಾಡೋದು? ಮೊದಲು ತೊಳೀಬೇಡಿ. ಹುಣಸೆಹಣ್ಣು, ಸಬೀನಾ ಪುಡಿ, ಟೂತ್‌ಪೇಸ್ಟ್, ಯಾವುದೂ ಬೇಡ. ಉಜ್ಜಿ ಹೊಳಪು ಬರಿಸಿದ ನಾಣ್ಯಕ್ಕೆ ಸಂಗ್ರಹಕಾರರು ಕೊಡೋ ಬೆಲೆ ಬಿದ್ದೋಗುತ್ತೆ. ಆ ಕಪ್ಪು ಪದರ ಅದರ ವಯಸ್ಸಿನ ಸಾಕ್ಷಿ. ರಬ್ಬರ್ ಬ್ಯಾಂಡ್ ಹಾಕಿ ಇಡಬೇಡಿ, ರಬ್ಬರಲ್ಲಿರೋ ಗಂಧಕ ಬೆಳ್ಳಿಯನ್ನ ಕಪ್ಪು ಮಾಡುತ್ತೆ. ಎರಡೂ ಬದಿ ಫೋಟೊ ತೆಗೀರಿ, ಇಸವಿ ಬರ್ಕೊಳ್ಳಿ, ತೂಕ ಬರ್ಕೊಳ್ಳಿ. ಒಬ್ಬರಿಗೇ ತೋರಿಸಿ ಮಾರಬೇಡಿ, ಬೇರೆ ಬೇರೆ ಕಡೆ ಮೂರು ಜನಕ್ಕೆ ತೋರಿಸಿ. ನಾಣ್ಯ ಪ್ರದರ್ಶನ ನಡೆದಾಗ ಹೋಗಿ ಸುಮ್ನೆ ಓಡಾಡಿ, ಕಣ್ಣು ಪಳಗುತ್ತೆ. ಉಡುಪಿಗೆ ಹೋದ್ರೆ ಕೃಷ್ಣ ಮಠದ ಜೊತೆಗೆ, ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಕರಾದ ಹಾಜಿ ಅಬ್ದುಲ್ಲಾ ಅವರ ಹಳೇ ಮನೆಯಲ್ಲಿರೋ ನಾಣ್ಯ ಸಂಗ್ರಹಾಲಯವನ್ನೂ ನೋಡ್ಕೊಂಡು ಬನ್ನಿ. ವಿಜಯನಗರದ ವರಾಹ, ಮೈಸೂರಿನ ಕಂಠೀರಾಯಿ ಹಣ, ಟಿಪ್ಪುವಿನ ಆನೆ ಇರೋ ತಾಮ್ರದ ಕಾಸು, ಇವೆಲ್ಲದರ ನಕಲಿ ಪೇಟೆಯಲ್ಲಿ ರಾಶಿ ಇದೆ. ಅಸಲಿಯನ್ನ ಗಾಜಿನ ಹಿಂದೆಯಾದ್ರೂ ನೋಡದೇ ದುಡ್ಡು ಹಾಕಬಾರದು ಅನ್ನೋದು ನನ್ನ ಅಭಿಪ್ರಾಯ.

ಕಾನೂನಿಂದು ಎರಡು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ "ಪುರಾತನ ವಸ್ತು". ಮನೆಯಲ್ಲಿ ಇಟ್ಕೊಳ್ಳೋಕೆ ತೊಂದ್ರೆ ಇಲ್ಲ, ಆದ್ರೆ ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ದುಬೈ, ಅಮೆರಿಕದಲ್ಲಿರೋ ಕೇಳುಗರು ಊರಿಗೆ ಬಂದಾಗ ಅಜ್ಜಿಯ ವಿಕ್ಟೋರಿಯಾ ರೂಪಾಯಿ ನೆನಪಿಗೆ ಅಂತ ಬ್ಯಾಗಲ್ಲಿ ಹಾಕ್ಕೊಂಡು ಹೋಗ್ತಾರೆ, ಅದು ಅಪರಾಧ ಆಗುತ್ತೆ. ಇನ್ನೊಂದು, ಪಾಯ ತೋಡುವಾಗ ಕುಡಿಕೆ ಸಿಕ್ಕಿದ್ರೆ ಅದು ನಿಮ್ಮದಾಗಲ್ಲ. ನಿಧಿ ಸಿಕ್ಕಿದ್ದನ್ನ ಸರ್ಕಾರಕ್ಕೆ ತಿಳಿಸಬೇಕು ಅನ್ನೋ ಕಾನೂನು 1878ರಿಂದಲೂ ಇದೆ.

ನನ್ನ ಮಾತು ಕೇಳಿದ್ರೆ, ಹಳೇ ನಾಣ್ಯ ಒಂದು ಹವ್ಯಾಸ. ಇರೋದನ್ನ ಕಾಪಾಡ್ಕೊಳ್ಳಿ. ಉಳಿತಾಯಕ್ಕೆ ಅಂತ ಹೊಸದಾಗಿ ಕೊಳ್ಳೋಕೆ ಹೋಗಬೇಡಿ, ಕೊನೇಪಕ್ಷ ಮೊದಲ ಎರಡು ವರ್ಷ.

ಒಂದು ಗ್ರಾಂ ಚಿನ್ನದ ನಿಜವಾದ ಬೆಲೆ

ಈಗ ಚಿನ್ನ. 2025ರ ಏಪ್ರಿಲಲ್ಲಿ ನಮ್ಮ ದೇಶದಲ್ಲಿ 10 ಗ್ರಾಂ ಅಪರಂಜಿ ಲಕ್ಷ ರೂಪಾಯಿ ಮುಟ್ಟಿತು. ಲೆಕ್ಕ ಸುಲಭ ಆಗ್ಲಿ ಅಂತ ಆ ರೇಟೇ ಇಟ್ಕೊಳ್ಳೋಣ, ಗ್ರಾಂಗೆ ಹತ್ತು ಸಾವಿರ. ನೀವು ಓದೋ ದಿನದ ರೇಟ್ ಬೇರೆ ಇರುತ್ತೆ, ಆದ್ರೆ ಪರ್ಸೆಂಟ್ ಲೆಕ್ಕ ಅದೇ.

ಒಂದು ಗ್ರಾಂ ನಾಣ್ಯ ಕೊಳ್ಳೋಕೆ ಅಂಗಡಿಗೆ ಹೋದ್ರಿ. ಚಿನ್ನ 10,000. ಮಾಡಿಸಿದ ಕೂಲಿ, ಪ್ಯಾಕಿಂಗ್ ಅಂತ 4 ಪರ್ಸೆಂಟ್ ಅಂದ್ಕೊಳ್ಳಿ, 400. ಒಟ್ಟಿನ ಮೇಲೆ 3 ಪರ್ಸೆಂಟ್ ಜಿಎಸ್‌ಟಿ, 312. ಬಿಲ್ಲು 10,712. ಅದೇ ಸಂಜೆ ಬೇರೆ ಅಂಗಡಿಗೆ ಮಾರೋಕೆ ಹೋದ್ರೆ, 2 ಪರ್ಸೆಂಟ್ ಮುರ್ಕೊಂಡು 9,800 ಕೊಡ್ತಾರೆ. ಅಂದ್ರೆ ಚಿನ್ನದ ರೇಟ್ 9 ಪರ್ಸೆಂಟಿಗಿಂತ ಜಾಸ್ತಿ ಏರೋವರೆಗೂ ನೀವು ನಷ್ಟದಲ್ಲೇ ಇದ್ದೀರ.

ಒಡವೆ ಆದ್ರೆ? ಎಂಟು ಗ್ರಾಂ ಸರ, ಒಂದು ಪವನ್. 22 ಕ್ಯಾರೆಟ್ ಗ್ರಾಂಗೆ 9,170ರಂತೆ 73,360. ವೇಸ್ಟೇಜ್ 15 ಪರ್ಸೆಂಟ್ ಅಂದ್ರೆ 11,004. ಜಿಎಸ್‌ಟಿ ಸೇರಿ ಸುಮಾರು 86,900. ವಾಪಸ್ ಕೊಟ್ರೆ ಚಿನ್ನದ ಬೆಲೆ ಮಾತ್ರ, ಅದರಲ್ಲೂ 2 ಪರ್ಸೆಂಟ್ ಕಳೆದು ಸುಮಾರು 71,900. ಈ ಸರ ಅಸಲು ಮುಟ್ಟೋಕೆ ರೇಟ್ ಹತ್ತಿರ ಹತ್ತಿರ 21 ಪರ್ಸೆಂಟ್ ಏರಬೇಕು. ಒಡವೆ ಹಾಕ್ಕೊಂಡು ಖುಷಿಪಡೋಕೆ ತಗೊಳ್ಳಿ, ಖಂಡಿತ ತಗೊಳ್ಳಿ. ಆದ್ರೆ ಮದುವೆ ಮನೆಯಲ್ಲಿ ಮಾವಂದಿರು "ಒಡವೆ ಅಂದ್ರೆ ಇನ್ವೆಸ್ಟ್‌ಮೆಂಟು" ಅಂದಾಗ ಈ 21 ನೆನಪಿರಲಿ.

ಪವನ್ ಅಂದ್ನಲ್ಲ, ಅದರ ಮೂಲ ಬ್ರಿಟಿಷ್ ಸಾವರಿನ್. ತೂಕ 7.988 ಗ್ರಾಂ, 22 ಕ್ಯಾರೆಟ್. 1918ರಲ್ಲಿ ಒಂದೇ ಒಂದು ವರ್ಷ ಮುಂಬೈಯಲ್ಲೂ ಸಾವರಿನ್ ಹೊಡೆದ್ರು, ಮೇಲೆ ಇಂಗ್ಲಿಷಿನ ಪುಟ್ಟ "ಐ" ಅಕ್ಷರ ಇರುತ್ತೆ. ನಿಮ್ಮನೆ ಕಾಸಿನ ಸರದಲ್ಲಿ ಅಂಥದ್ದಿದ್ರೆ ಬೆಸುಗೆ ಹಾಕಿರೋದ್ರಿಂದ ಸಂಗ್ರಹದ ಬೆಲೆ ಕಮ್ಮಿ, ಚಿನ್ನದ ಬೆಲೆ ಎಲ್ಲೂ ಹೋಗಲ್ಲ.

ಕೊಳ್ಳುವಾಗ ಏನು ನೋಡಬೇಕು? ಒಡವೆ ಮೇಲೆ ಮೂರು ಗುರುತು: ಬಿಐಎಸ್ ತ್ರಿಕೋನ, ಶುದ್ಧತೆ (22 ಕ್ಯಾರೆಟ್‌ಗೆ 916), ಮತ್ತೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಈ ಆರರ ಸಂಖ್ಯೆ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರೋ ಹಾಗಿಲ್ಲ. ಬಿಐಎಸ್ ಕೇರ್ ಅನ್ನೋ ಆ್ಯಪ್‌ನಲ್ಲಿ ಅದನ್ನ ಹಾಕಿದ್ರೆ ಯಾರು ಮಾಡಿಸಿದ್ದು, ಎಲ್ಲಿ ಪರೀಕ್ಷೆ ಆಯ್ತು, ಶುದ್ಧತೆ ಎಷ್ಟು ಅಂತ ಬರುತ್ತೆ. ಅಂಗಡಿಯಲ್ಲಿ ನಿಂತೇ ನೋಡಿ, ನಾಚ್ಕೋಬೇಡಿ. ಎರಡು ಗ್ರಾಂಗಿಂತ ಕಮ್ಮಿ ಒಡವೆಗೆ ಈ ಕಡ್ಡಾಯ ಇಲ್ಲ, ಹಾಗಾಗಿ ಸಣ್ಣ ಮೂಗುತಿ, ಓಲೆಯಲ್ಲಿ ಹುಷಾರು. ಬಿಲ್ ಬಿಡಬೇಡಿ. ಹಾಲ್‌ಮಾರ್ಕ್ ಹೇಳಿದ್ದಕ್ಕಿಂತ ಶುದ್ಧತೆ ಕಮ್ಮಿ ಬಂದ್ರೆ ಕೊರತೆಯ ಎರಡರಷ್ಟು ಪರಿಹಾರ ಕೇಳೋ ಹಕ್ಕು ನಿಯಮದಲ್ಲೇ ಇದೆ, ಆದ್ರೆ ಬಿಲ್ ಇಲ್ಲದೇ ಏನಂತ ಕೇಳ್ತೀರ?

ಬ್ಯಾಂಕಲ್ಲಿ ಚಿನ್ನದ ನಾಣ್ಯ ತಗೊಂಡ್ರೆ ಶುದ್ಧ ಇರುತ್ತೆ, ನಿಜ. ಆದ್ರೆ ಬ್ಯಾಂಕು ಮಾರುತ್ತೆ ಅಷ್ಟೇ, ವಾಪಸ್ ತಗೊಳ್ಳಲ್ಲ. ಇದನ್ನ ಕೌಂಟರಲ್ಲಿ ಯಾರೂ ಹೇಳಲ್ಲ.

ಅಂಗಡಿಯ ಹನ್ನೊಂದು ತಿಂಗಳ ಸ್ಕೀಮ್, ನಮ್ಮ ಕಡೆ ಚಿನ್ನದ ಚೀಟಿ ಅಂತಾರೆ. ಯಾಕೆ ಹನ್ನೊಂದೇ ತಿಂಗಳು ಗೊತ್ತಾ? ಮುಂದೆ ಕೊಡೋ ಸಾಮಾನಿಗೆ ಕಂಪನಿ ಮುಂಗಡ ತಗೊಂಡು 365 ದಿನದೊಳಗೆ ಸಾಮಾನು ಕೊಟ್ರೆ ಕಾನೂನಿನ ಕಣ್ಣಲ್ಲಿ ಅದು ಠೇವಣಿ ಅಲ್ಲ. ಠೇವಣಿ ಅಲ್ಲ ಅಂದ್ಮೇಲೆ ಬ್ಯಾಂಕಿನ ಹಾಗೆ ಐದು ಲಕ್ಷದವರೆಗಿನ ವಿಮೆಯೂ ಇಲ್ಲ. ಅಂಗಡಿ ಮುಚ್ಚಿದ್ರೆ ನೀವು ಸಾಲಗಾರರ ಕ್ಯೂನಲ್ಲಿ ಕೊನೆಗೆ. ಜೊತೆಗೆ ಕೊನೇಲಿ ಅಲ್ಲೇ ಒಡವೆ ತಗೋಬೇಕು, ವೇಸ್ಟೇಜ್ ಅವರು ಹೇಳಿದಷ್ಟು. ಮಗಳ ಮದುವೆಗೆ ಒಡವೆ ಮಾಡಿಸೋದೇ ಉದ್ದೇಶ, ಅಂಗಡಿ ಹಳೇದು, ವೇಸ್ಟೇಜಲ್ಲಿ ಬಿಡ್ತಾರೆ ಅಂದ್ರೆ ಲೆಕ್ಕ ಹಾಕಿ ಸೇರಿ. ಬರೀ ಉಳಿತಾಯಕ್ಕೆ ಬೇಡ.

ಮೊಬೈಲಲ್ಲಿ ಹತ್ತು ರೂಪಾಯಿಂದ ಕೊಳ್ಳೋ "ಡಿಜಿಟಲ್ ಗೋಲ್ಡ್" ಬಗ್ಗೆ 2025ರ ನವೆಂಬರಲ್ಲಿ ಸೆಬಿ ಎಚ್ಚರಿಕೆ ಕೊಟ್ಟಿದೆ, ಅದು ತನ್ನ ನಿಯಂತ್ರಣಕ್ಕೆ ಒಳಪಡಲ್ಲ ಅಂತ. ಅಲ್ಲೂ 3 ಪರ್ಸೆಂಟ್ ಜಿಎಸ್‌ಟಿ ಇದೆ. ಗೋಲ್ಡ್ ಇಟಿಎಫ್ ಬೇರೆ, ಅದು ಸೆಬಿ ನಿಯಮದೊಳಗೆ 2007ರಿಂದ ನಮ್ಮಲ್ಲಿದೆ, ಕೂಲಿ-ವೇಸ್ಟೇಜ್ ಇಲ್ಲ. ಡಿಮ್ಯಾಟ್ ಇಲ್ಲದವರಿಗೆ ಅದೇ ಇಟಿಎಫ್‌ನಲ್ಲಿ ಹಾಕೋ ಗೋಲ್ಡ್ ಫಂಡ್‌ಗಳಿವೆ, ತಿಂಗಳಿಗೆ ಐನೂರು ರೂಪಾಯಿ ಎಸ್‌ಐಪಿ ಆಗುತ್ತೆ. ಸರ್ಕಾರದ ಸಾವರಿನ್ ಗೋಲ್ಡ್ ಬಾಂಡ್ ಎಲ್ಲಕ್ಕಿಂತ ಚೆನ್ನಾಗಿತ್ತು, ಚಿನ್ನದ ಬೆಲೆ ಜೊತೆಗೆ ವರ್ಷಕ್ಕೆ 2.5 ಪರ್ಸೆಂಟ್ ಬಡ್ಡಿ. 2024ರ ಫೆಬ್ರವರಿ ಕಂತಿನ ನಂತರ ಹೊಸದು ಬಿಟ್ಟಿಲ್ಲ.

ಬೆಳ್ಳಿ: ಅಗ್ಗ ಅನ್ನೋದು ಕಾರಣ ಅಲ್ಲ

"ಚಿನ್ನ ಕೈಗೆಟಕಲ್ಲ, ಅದಕ್ಕೆ ಬೆಳ್ಳಿ" ಅಂತ ತುಂಬಾ ಜನ ಹೇಳ್ತಾರೆ. ಎರಡು ಸಾವಿರಕ್ಕೆ ಚಿನ್ನ ಬಂದ್ರೂ ಎರಡು ಸಾವಿರದ್ದೇ, ಬೆಳ್ಳಿ ಬಂದ್ರೂ ಎರಡು ಸಾವಿರದ್ದೇ. ಗ್ರಾಂ ಜಾಸ್ತಿ ಕಂಡ್ರೆ ಮನಸ್ಸಿಗೆ ಸಮಾಧಾನ, ಅಷ್ಟೇ.

ಬೆಳ್ಳಿಯ ಸ್ವಭಾವ ಬೇರೆ. ಚಿನ್ನವನ್ನ ಜನ, ಸರ್ಕಾರಗಳು ಕೂಡಿಡ್ತಾರೆ. ಬೆಳ್ಳಿಯ ದೊಡ್ಡ ಪಾಲು ಸೋಲಾರ್ ಫಲಕ, ಎಲೆಕ್ಟ್ರಾನಿಕ್ಸ್ ಅಂತ ಕಾರ್ಖಾನೆಗೆ ಹೋಗುತ್ತೆ. ಹಾಗಾಗಿ ಏರೋದೂ ಜೋರು, ಬೀಳೋದೂ ಜೋರು. 1980ರ ಜನವರಿಯಲ್ಲಿ, ಅಮೆರಿಕದ ಹಂಟ್ ಸಹೋದರರು ಬೆಳ್ಳಿ ಗುಡ್ಡೆ ಹಾಕಿದ ಹೊತ್ತಲ್ಲಿ, ಔನ್ಸಿಗೆ ಹೆಚ್ಚುಕಮ್ಮಿ 50 ಡಾಲರ್ ಮುಟ್ಟಿತು. ಮಾರ್ಚ್ ಕೊನೆಗೆ 11 ಡಾಲರ್ ಆಸುಪಾಸು. 2011ರ ಏಪ್ರಿಲಲ್ಲಿ ಮತ್ತೆ 50ರ ಹತ್ತಿರ ಬಂತು, 2015ರ ಕೊನೆಗೆ 14ಕ್ಕಿಂತ ಕೆಳಗೆ. 50 ದಾಟಿದ್ದು 2025ರ ಅಕ್ಟೋಬರಲ್ಲಿ. 1980ರಲ್ಲಿ ತುದಿಯಲ್ಲಿ ಕೊಂಡವರು 45 ವರ್ಷ ಕಾಯಬೇಕಾಯ್ತು. "ಬೆಳ್ಳಿ ಇನ್ನೂ ಡಬಲ್ ಆಗುತ್ತೆ" ಅನ್ನೋ ವಿಡಿಯೋ ನೋಡುವಾಗ ಈ ಎರಡು ಇಸವಿ ಪಕ್ಕದಲ್ಲಿ ಬರೆದಿಟ್ಕೊಳ್ಳಿ.

ಇನ್ನೊಂದು ಶುದ್ಧತೆ. ಬೆಳ್ಳಿಗೆ ಹಾಲ್‌ಮಾರ್ಕ್ ಇನ್ನೂ ಕಡ್ಡಾಯ ಆಗಿಲ್ಲ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಎಚ್‌ಯುಐಡಿ ಬಂದಿದೆ, ಆದ್ರೆ ಅಂಗಡಿಯವರಿಗೆ ಇಷ್ಟ ಇದ್ರೆ ಮಾತ್ರ. ಕಾಲುಗೆಜ್ಜೆ, ಕುಂಕುಮ ಭರಣಿ, ವರಮಹಾಲಕ್ಷ್ಮಿಯ ಮುಖವಾಡ, ಇವುಗಳಲ್ಲಿ ಬೆಳ್ಳಿ ಎಷ್ಟಿದೆ ಅನ್ನೋದು ಮಾರೋಕೆ ಹೋದಾಗಲೇ ಗೊತ್ತಾಗೋದು. ಮುಖವಾಡದ ಒಳಗೆ ಅರಗು ತುಂಬಿದ್ರೆ ಅದನ್ನೂ ಕಳೀತಾರೆ. ಉಳಿತಾಯಕ್ಕೆ ಅಂದ್ರೆ ಹಾಲ್‌ಮಾರ್ಕ್ ಇರೋ 999 ಬಾರ್ ಅಥವಾ ನಾಣ್ಯ ತಗೊಳ್ಳಿ. ಹತ್ತು ಗ್ರಾಂನ ಹತ್ತು ನಾಣ್ಯಕ್ಕಿಂತ ನೂರು ಗ್ರಾಂನ ಒಂದು ಬಾರ್‌ಗೆ ಕೂಲಿ ಕಮ್ಮಿ.

ಸರ್ಕಾರಿ ಟಂಕಸಾಲೆಯ 100 ರೂಪಾಯಿಯ ಸ್ಮರಣಾರ್ಥ ನಾಣ್ಯ ಚೆಂದ ಇರುತ್ತೆ. ಆದ್ರೆ ಬಹುಪಾಲು 35 ಗ್ರಾಂ ತೂಕದ, 50 ಪರ್ಸೆಂಟ್ ಬೆಳ್ಳಿಯ ನಾಣ್ಯಗಳು. ಸಂಗ್ರಹಕ್ಕೆ ಸರಿ, ಬೆಳ್ಳಿ ಕೂಡಿಡೋಕೆ ದುಬಾರಿ.

ಅಡ ಇಡೋ ಲೆಕ್ಕ

ಅಕ್ಕನಂಥವರು ಚಿನ್ನ ತಗೊಳ್ಳೋದು ಶ್ರೀಮಂತರಾಗೋಕಲ್ಲ. ಮಗುಗೆ ಹುಷಾರಿಲ್ಲ, ರಾತ್ರೋರಾತ್ರಿ ಇಪ್ಪತ್ತು ಸಾವಿರ ಬೇಕು ಅಂದಾಗ ಅಡ ಇಡೋಕೆ. ಈ ಕಾರಣವನ್ನ ನಮ್ಮಂಥ ಬಿಕಾಂ ಹುಡುಗರು ಅಸಡ್ಡೆ ಮಾಡ್ತೀವಿ, ತಪ್ಪು. ಹಾಗಾಗಿ ಇದನ್ನ ತಿಳ್ಕೊಳ್ಳಿ: 2025ರ ಜೂನಲ್ಲಿ ರಿಸರ್ವ್ ಬ್ಯಾಂಕ್ ತಂದ, 2026ರ ಏಪ್ರಿಲ್ 1ರೊಳಗೆ ಎಲ್ಲರೂ ಪಾಲಿಸಬೇಕಾದ ನಿಯಮದಲ್ಲಿ, ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ 85 ಪರ್ಸೆಂಟ್‌ವರೆಗೂ ಕೊಡಬಹುದು. ಬೆಳ್ಳಿ ಮೇಲೂ ಕೊಡಬಹುದು. ಆದ್ರೆ ಒಡವೆ ಮತ್ತೆ ನಾಣ್ಯದ ಮೇಲೆ ಮಾತ್ರ, ಗಟ್ಟಿ-ಬಾರ್ ಮೇಲೆ ಇಲ್ಲ. ನಾಣ್ಯಕ್ಕೂ ಮಿತಿ ಇದೆ, ಒಬ್ಬರಿಗೆ ಚಿನ್ನದ್ದು 50 ಗ್ರಾಂ, ಬೆಳ್ಳಿದು 500 ಗ್ರಾಂ. ಇಟಿಎಫ್ ಯೂನಿಟ್ ತೋರಿಸಿದ್ರೆ ಚಿನ್ನದ ಸಾಲ ಸಿಗಲ್ಲ. ಹಾಗಾಗಿ ಕೂಲಿ ಕಮ್ಮಿ ಅಂತ ನಾನು ಹೇಳಿದ ಬೆಳ್ಳಿ ಬಾರು, ಅಡ ಇಡೋ ಉದ್ದೇಶಕ್ಕೆ ಉಪಯೋಗಕ್ಕಿಲ್ಲ. ಯಾವುದಕ್ಕೆ ಕೊಳ್ತಿದ್ದೀರ ಅನ್ನೋದರ ಮೇಲೆ ಯಾವ ರೂಪ ಅನ್ನೋದು ನಿಂತಿದೆ.

ತೆರಿಗೆ ಬೇಗ ಹೇಳಿಬಿಡ್ತೀನಿ. ಗಟ್ಟಿ ಚಿನ್ನ-ಬೆಳ್ಳಿಯನ್ನ ಎರಡು ವರ್ಷ ಇಟ್ಟು ಮಾರಿದ್ರೆ ಲಾಭದ ಮೇಲೆ 12.5 ಪರ್ಸೆಂಟ್, ಅದಕ್ಕೂ ಮುಂಚೆ ಮಾರಿದ್ರೆ ಲಾಭ ನಿಮ್ಮ ವರಮಾನಕ್ಕೆ ಸೇರುತ್ತೆ. ಎರಡು ಲಕ್ಷ ಅಥವಾ ಮೇಲೆ ಒಂದೇ ಸಲ ನಗದಲ್ಲಿ ವ್ಯವಹಾರ ಮಾಡುವಂತಿಲ್ಲ.

ಸರಿ ಅಕ್ಕ, ನಿಮ್ಮ ಎರಡು ಸಾವಿರ. ನಾನಾಗಿದ್ರೆ ಮೊದಲ ಆರು ತಿಂಗಳು ಚಿನ್ನವೂ ಬೇಡ, ಬೆಳ್ಳಿಯೂ ಬೇಡ. ಬ್ಯಾಂಕಲ್ಲಿ ಆರ್‌ಡಿ ಕಟ್ಟಿ ಹನ್ನೆರಡು ಸಾವಿರ ಮಾಡ್ತೀನಿ. ಒಂದು ತಿಂಗಳ ಬಾಡಿಗೆ, ರೇಷನ್ನು, ಆಸ್ಪತ್ರೆ ಅಂತ ಬಂದ್ರೆ ಅದು ಕೈಯಲ್ಲಿರಬೇಕು. ಇಲ್ಲಾಂದ್ರೆ ಇವತ್ತು 10,712ಕ್ಕೆ ಕೊಂಡಿದ್ದನ್ನ ಮುಂದಿನ ತಿಂಗಳು 9,800ಕ್ಕೆ ಮಾರಬೇಕಾಗುತ್ತೆ. ಆಮೇಲೆ ತಿಂಗಳಿಗೆ ಸಾವಿರ ಆರ್‌ಡಿ ಹಾಗೇ ನಡೀಲಿ, ಉಳಿದ ಸಾವಿರ ಚಿನ್ನಕ್ಕೆ ಅಂತ ಪಕ್ಕಕ್ಕೆ ಇಡಿ. ಫಂಡ್‌ಗೆ ಹಾಕೋ ಧೈರ್ಯ ಇದ್ರೆ ಅದಕ್ಕೆ. ಕೈಯಲ್ಲೇ ಇರಬೇಕು ಅನ್ನಿಸಿದ್ರೆ ಗ್ರಾಂ-ಗ್ರಾಂ ಕೊಳ್ಳೋ ಬದಲು ಎರಡು ಗ್ರಾಂಗೆ ಆಗೋವರೆಗೂ ಕಾದು, ಒಂದೇ ನಾಣ್ಯ ತಗೊಳ್ಳಿ, ಕೂಲಿ ಉಳಿಯುತ್ತೆ. ಬೆಳ್ಳಿ ಸದ್ಯಕ್ಕೆ ಬಿಡಿ, ಮನೇಲಿ ದೀಪಕ್ಕೆ ಬೇಕು ಅಂದ್ರೆ ದೀಪಕ್ಕೆ ಅಂತ ತಗೊಳ್ಳಿ.

ಅತ್ತೆಯವರ ನಾಣ್ಯದ ಎರಡೂ ಬದಿಯ ಫೋಟೊ ಕಳಿಸಿ, ಇಸವಿ ಕಾಣೋ ಹಾಗೆ. ಯಾವುದರಲ್ಲಿ ಎಷ್ಟು ಬೆಳ್ಳಿ ಅನ್ನೋದನ್ನ ನಾನು ಬರೆದು ಕಳಿಸ್ತೀನಿ. ಆ ಚೀಟಿ ಕೈಯಲ್ಲಿಟ್ಕೊಂಡೇ ಅಂಗಡಿಗೆ ಹೋಗಿ. ಮತ್ತೆ ದಯವಿಟ್ಟು, ಅಷ್ಟರೊಳಗೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ ಅಂತ ಅತ್ತೆಗೂ ಹೇಳಿ.